ಗಾಡಿ ಹೊಡ್ಕೊಂತ ಫೋನ್ ಮಾಡಬ್ಯಾಡೋ

ದೋಸ್ತ,

ಇನ್ನ ಮ್ಯಾಲ ಬರ್ಫಿನ ರೋಡಿನ ಮ್ಯಾಲ ಗಾಡಿ ಹೊಡ್ಕೊಂತ ನಂಗ ಫೋನ್ ಮಾಡಬ್ಯಾಡ. ವಾಟ್ಸಾಪ್‌ನ್ಯಾಗ ಹೇಳಿದ್ರ ನೀ ಒಂದು ಹೆಬ್ಬೆಟ್ಟು ಕಳಿಸಿ ಮರ್ತುಬಿಡ್ತಿ, ಅದಕ್ಕ ಎಲ್ಲರ ಮುಂದ ಬರೀಲಕತ್ತೀನಿ, ನಮ್ಮ ಹಳೇ ಏಳು ನಂಬರ್ ರೂಮಿನ ದೋಸ್ತರೂ ಓದ್ಲಿ, ವೈನೀನೂ ಓದ್ಲಿ. ಹೆದರಬ್ಯಾಡ, ನಿಂಬಿಹಣ್ಣಿನ ಮಾತು ಇಲ್ಲಿ ಎತ್ತಂಗಿಲ್ಲ.

ಮೊನ್ನಿ ನಸುಕಿನ್ಯಾಗ ಐದಕ್ಕ ನೀ ಫೋನ್ ಮಾಡಿದ್ದಿಯಲ್ಲ. ಇಲ್ಲಿ ಬೀದರ್‌ನ್ಯಾಗ ನಸುಕಿನ ಐದು ಅಂದ್ರ ನಿಮ್ಮ ಮಿನ್ನೆಸೋಟಾದಾಗ ಹಿಂದಿನ ದಿನದ ಸಂಜಿ ಐದೂವರಿ, ಡಿಸೆಂಬರ್‌ನ್ಯಾಗ ನಾಕೂವರಿ ಸುಮಾರಿಗೇ ಹೊತ್ತು ಮುಳುಗಿ ಕತ್ತಲಾಗಿರ್ತದ, ನೀ ಡ್ಯೂಟಿ ಮುಗಿಸಿ ಹೊಲಗಳ ನಡುವಿನ ರೋಡ್ ಹಿಡಿದು ಮನಿಗಿ ಹೊಂಟಿರ್ತಿ. ನಿಮ್ಮ ಮ್ಯಾನೇಜರಂದು ಏನೋ ಹೇಳ್ಲಕತ್ತಿದ್ದಿ, ನಾ ಹೂಂ ಹೂಂ ಅನ್ಲಕತ್ತಿದ್ದೆ, ನಡುವ ಒಮ್ಮಿಗೇ ಸುಮ್ಮನಾದಿ. ಕಟ್ ಆಗಿರಲಿಲ್ಲ, ಹೀಟರ್ ಭರ್ರ್ ಅನ್ನೋದು ಕೇಳಸ್ತಿತ್ತು. ಹಲೋ ಅಂದೆ. ಮತ್ತ ಹಲೋ ಅಂದೆ. ಆಮ್ಯಾಲ ನೀ 'ಏನಿಲ್ಲೋ, ಬ್ರಿಜ್ ಮ್ಯಾಲ ಜರಾ ಜಾರ್ತು' ಅಂದಿ, ಅಂದು ಮ್ಯಾನೇಜರ್ ಕಥಿ ಬಿಟ್ಟಲ್ಲಿಂದೇ ಮತ್ತ ಹಿಡದಿ. ಆ ಕಥಿ ನಾ ಕೇಳಲೇ ಇಲ್ಲ, ನನ್ನ ಕೈ ನಡಗಲಕತ್ತಿತ್ತು.

ಬ್ರಿಜ್ ಯಾಕ ಮೊದಲ ಹೆಪ್ಪಗಟ್ತದ ಅಂತ ನಂಗ ಹೇಳಿಕೊಟ್ಟವ ನೀನೇ. ರೋಡಿನ ಕೆಳಗ ನೆಲ ಇರ್ತದ, ನೆಲದಾಗ ಒಂಚೂರು ಬಿಸಿ ಉಳದಿರ್ತದ, ಬ್ರಿಜ್ಜಿಗಿ ಮ್ಯಾಲೂ ಥಂಡಿ ಗಾಳಿ ಕೆಳಗೂ ಥಂಡಿ ಗಾಳಿ, ಹಿಂಗಾಗಿ ರೋಡ್ ಬರೇ ಹಸಿ ಇದ್ದಾಗಲೇ ಬ್ರಿಜ್ ಬರ್ಫ್ ಆಗಿರ್ತದ ಅಂತ. ಮಧ್ಯಾಹ್ನ ಕರಗಿದ ನೀರು ಸಂಜಿಕಿ ಮತ್ತ ಗಟ್ಟಿ ಆಗಿ ಕನ್ನಡಿಗಿಂತ ತಿಳಿ ಕುಂದರ್ತದ, ಕೆಳಗಿನ ಡಾಂಬರ್ ಕರ್ರಗ ಹಂಗೇ ಕಾಣಸ್ತದ, ಅಲ್ಲಿ ಬರ್ಫ್ ಅದ ಅಂತ ಗೊತ್ತೇ ಆಗಂಗಿಲ್ಲ. ಮುಂದಿನ ಗಾಡಿ ಟಾಯರ್ ನೋಡ್ತಿರಬೇಕು, ನೀರು ಸಿಡಿತಿದ್ರ ಹಸಿ ರೋಡು, ರೋಡ್ ಹೊಳಿಲಕತ್ತಿದ್ರೂ ನೀರು ಸಿಡಿಲಿಲ್ಲಂದ್ರ ಅದು ಬರ್ಫ್. ಇದನ್ನ ನೀ ಹೇಳಿದಾಗಿಂದ ನಾ ಇಲ್ಲಿ ಸುದ್ದಾ ಮುಂದಿನ ಗಾಡಿ ಟಾಯರ್ ನೋಡ್ಕೊಂತೇ ಹೋಗ್ತೀನಿ ನೋಡು. ಉಪ್ಪು ಹಾಕ್ತಾರ ಬಿಡು ಅಂತಿ ಪ್ರತಿಸಲ, ಮೈನಸ್ ಒಂಬತ್ತು ಹತ್ತಕ್ಕಿಂತ ಕೆಳಗ ಇಳದ್ರ ಆ ಉಪ್ಪೂ ಅಷ್ಟು ಕೆಲಸ ಮಾಡಂಗಿಲ್ಲ ಅಂತ ಹೇಳಿದವನೂ ನೀನೇ. ಮತ್ತ 2019ರಿಂದ ನಮ್ಮ ಮಿನ್ನೆಸೋಟಾದಾಗ ಕೈಯಾಗ ಫೋನ್ ಹಿಡದ್ರ ದಂಡ, ಸ್ಪೀಕರ್‌ನ್ಯಾಗ ಮಾತಾಡಿದ್ರ ನಡೀತದ ಅಂತಿ. ಕಾನೂನಿಗಿ ನಡೀತದೋ, ಬರ್ಫಿಗಿ ನಡೀತದೇನು?

ನಮ್ಮಲ್ಲಿ ಬರ್ಫ್ ಎಲ್ಲಿಂದ ಬರಬೇಕು. ಬೀದರ್ ಥಂಡಿ ನಿಂಗ ಗೊತ್ತದ, ಬೆಳ್ಳು ಕೊರಿತಾವ ಅಷ್ಟೇ, ರೋಡ್ ಹೆಪ್ಪಗಟ್ಟಂಗಿಲ್ಲ. ಆದ್ರ ಈಗ ಕಬ್ಬಿನ ಸೀಜನ್, ಸಂಜಿಕಿ ಭಾಲ್ಕಿ ರೋಡಿಗಿ ಬಂದು ನೋಡು. ಒಂದು ಟ್ರಾಕ್ಟರಿಗಿ ಎರಡು ಟ್ರಾಲಿ, ಎರಡೂ ಕಡಿ ಕಬ್ಬು ಹೊರಗ ಚಾಚಿರ್ತದ, ಹಿಂದ ಕೆಂಪು ಲೈಟ್ ಇರಂಗಿಲ್ಲ, ಪುಣ್ಯಾತ್ಮ ಯಾರೋ ಒಬ್ಬ ಹಳೇ ಸೀಡಿ ಕಟ್ಟಿರ್ತಾನ ಹೊಳೀಲಿ ಅಂತ. ಮೊದಲ ಅವರ ಟೇಪಿನ ಹಾಡು ಕೇಳಸ್ತದ, ಕಣ್ಣಿಗಿ ಏನೂ ಕಾಣಂಗಿಲ್ಲ, ಗಾಡಿ ಹಗೂರ ಮಾಡಿದ ಮ್ಯಾಲ ಲೈಟಿನ ಬೆಳಕಿನ್ಯಾಗ ಕಬ್ಬಿನ ಬುಡ ಕಡದಿದ್ದು ಬೆಳ್ಳಗ ಕಾಣಸ್ತದ, ಮುಖದ ಮುಂದೇ. ಅದನ್ನ ದಾಟಿದ್ರ ಊರ ಹತ್ರ ರೋಡಿನ ಮ್ಯಾಲ ತೊಗರಿ ಹಾಕಿರ್ತಾರ, ಗಾಡಿಗೋಳು ಹಾದು ಹೋಗಿ ರಾಶಿ ಆಗ್ಲಿ ಅಂತ. ಬೈಕ್ ಹೋದ್ರ ಟಾಯರ್ ಕೆಳಗ ಕಾಳು ಉರುಳ್ತಾವ, ಬ್ರೇಕ್ ಮುಟ್ಟಿದ್ರ ಮುಗೀತು. ಸುತ್ತ ಇಟ್ಟ ಕಲ್ಲು ರಾಶಿ ಎತ್ತಿದ ಮ್ಯಾಲೂ ಅಲ್ಲೇ ಇರ್ತಾವ. ರೈತರಿಗಿ ಏನಂತ ಅನ್ಲಿ, ಕಣ ಮಾಡ್ಲಕ ಜಾಗ ಇಲ್ಲ, ಆಳು ಸಿಗಂಗಿಲ್ಲ. ಆದ್ರ ಟ್ರಾಲಿಗಿ ಒಂದು ಕೆಂಪು ರಿಫ್ಲೆಕ್ಟರ್ ಸ್ಟಿಕರ್ ಹಚ್ಚಲಕ ಎಷ್ಟು ರೊಕ್ಕ ಬೇಕು? ಇದನ್ನ ಓದ್ಲಕತ್ತಿರೋ ಟ್ರಾಕ್ಟರ್ ಮಾಲಕರು ಯಾರರೆ ಇದ್ರ ನಾಳೆನೇ ಹಚ್ಚರಿ, ಕೈ ಮುಗಿತೀನಿ.

ಹೇಳಬೇಕಂತಿದ್ದಿದ್ದು ಇಷ್ಟೇ ಇತ್ತು. ಆದ್ರ ಇನ್ನೊಂದು ಅದ.

ಅಪ್ಪ ಇದ್ದಾಗ ನಸುಕಿನ್ಯಾಗ ನಮ್ಮ ಮನ್ಯಾಗ ಕೆಮ್ಮು ಕೇಳಸ್ತಿತ್ತು, ಬಾಗಲಾ ತಗದಿದ್ದು, ಎಮ್ಮಿಗಿ ಕಣಿಕಿ ಹಾಕಿದ್ದು ಎಲ್ಲ ಹಾಸಗ್ಯಾಗೇ ಗೊತ್ತಾಗ್ತಿತ್ತು. ಅಪ್ಪ ಹೋದ ಮ್ಯಾಲೂ ನಂಗ ಅದೇ ಹೊತ್ತಿಗಿ ಎಚ್ಚರ ಆಗ್ತದ, ಏಳಬೇಕು ಅನ್ನಸಂಗಿಲ್ಲ, ಜಂತಿ ನೋಡ್ಕೊಂತ ಬಿದ್ದಿರ್ತೀನಿ. ನಿನ್ನ ಫೋನ್ ಬಂದ್ರ ಎದ್ದು ಕುಂದರ್ತೀನಿ, ಮಾತಾಡ್ಕೊಂತ ಚಹಾಕ್ಕ ಇಡ್ತೀನಿ, ಅಲ್ಲಿಂದ ನನ್ನ ದಿನ ಚಾಲೂ ಆಗ್ತದ. ಮೊನ್ನಿ ನಿನ್ನ ದನಿ ನಿಂತಿತ್ತಲ್ಲ, ಆವಾಗ ನನ್ನ ತಲ್ಯಾಗ ಮೊದಲ ಬಂದಿದ್ದು, ಇವನೂ ಹೋದ್ರ ನನ್ನ ಎಬ್ಬಸೋರು ಯಾರು ಅಂತ. ವೈನಿ, ಸಣ್ಣ ಹುಡುಗಿ, ನಿಮ್ಮ ಅವ್ವ, ಅವರೆಲ್ಲ ಆಮ್ಯಾಲ ನೆನಪಿಗಿ ಬಂದ್ರು. ಅವತ್ತಿಂದ ಇದು ಮನಸಿನ್ಯಾಗ ಕೊರಿಲಕತ್ತದ, ನಿಂಗ ಫೋನಿನ್ಯಾಗ ಹೇಳ್ಲಕ ಆಗ್ತಿರಲಿಲ್ಲ, ಇಲ್ಲೇ ಹ್ಯಾಂಗ ಬರದೆ ಗೊತ್ತಿಲ್ಲ.

ಇರ್ಲಿ ಬಿಡು. ಈಗ ಮಾಡಬೇಕಾದ್ದು ಕೇಳು. ಆಫೀಸ್ ಬಿಟ್ಟ ಮ್ಯಾಲ ಗ್ಲಾಸಿನ ಮ್ಯಾಲಿನ ಬರ್ಫ್ ಕರಗೋತನಕ ನೀ ಹ್ಯಾಂಗೂ ಪಾರ್ಕಿಂಗಿನ್ಯಾಗ ಹೀಟರ್ ಹಚ್ಚಿ ಕುಂತೇ ಇರ್ತಿ, ಆವಾಗ ಮಾಡು. ಮ್ಯಾನೇಜರ್ ಕಥಿ ಪೂರಾ ಹೇಳು, ಈ ಸಲ ಕೇಳ್ತೀನಿ. ಗ್ಲಾಸ್ ಸಾಫ್ ಆತಂದ್ರ ಫೋನ್ ಇಡು, ಹಗೂರಕ ಹೋಗು, ಮನಿ ಮುಟ್ಟಿದ ಮ್ಯಾಲ ಮಿಸ್ಡ್ ಕಾಲ್, ಏಳು ನಂಬರ್ ರೂಮಿನ ರೂಲ್ ಇನ್ನೂ ಚಾಲೂ ಅದ. ನಾನೂ ಸಂಜಿಕಿ ಬೈಕ್ ಮ್ಯಾಲ ಇದ್ದಾಗ ಯಾರ ಫೋನೂ ಎತ್ತಂಗಿಲ್ಲ, ನೀ ಮುಂಜಾನಿ ಆಫೀಸಿಗಿ ಹೋಗೋವಾಗ ಮಾಡಿದ್ರೂ ಎತ್ತಂಗಿಲ್ಲ.

ಎಳ್ಳಮಾಸಿ ಬಂತು. ಅವ್ವ ಈಗಲೇ ಭಜ್ಜಿಗಿ ಏನೇನು ಬೇಕು ಅಂತ ಲಿಸ್ಟ್ ಹೇಳ್ಲಕತ್ತ್ಯಾಳ, ಸಜ್ಜಿ ರೊಟ್ಟಿ ಅಂಬಲಿ ಎಲ್ಲ ಅದ. ಹೊಲದಾಗ ಚರಗ ಚೆಲ್ಲಿ ಊಟಕ್ಕ ಕುಂತಾಗ ವಿಡಿಯೋ ಕಾಲ್ ಮಾಡ್ತೀನಿ, ನಿಮ್ಮಲ್ಲಿ ಆವಾಗ ನಡುರಾತ್ರಿ ದಾಟಿರ್ತದ, ಆದ್ರೂ ಎತ್ತಬೇಕು. ನಿಂಗ ತಿನ್ಲಕ ಸಿಗಂಗಿಲ್ಲ ಅಂತ ಗೊತ್ತದ, ಬಟ್ಟಲಾ ಕ್ಯಾಮೆರಾ ಹತ್ರ ಹಿಡದೇ ತಿಂತೀನಿ.

ನಿನ್ನ ದೋಸ್ತ