ಬೋರ್‌ವೆಲ್ ಕೇಬಲ್, ಸ್ಟಾರ್ಟರ್ ಜೋಪಾನ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಮ್ಮ ಕೆರೆ ಹಿಂದಿನ ತೋಟದಲ್ಲಿ ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದಾರೆ. ಬೆಳಿಗ್ಗೆ ಹೋಗಿ ನೋಡಿದರೆ ಕೇಸಿಂಗ್ ಪೈಪಿನ ಬಾಯಲ್ಲಿ ಒಂದು ಗೇಣು ವೈರ್ ಮಾತ್ರ ನೇತಾಡುತ್ತಿತ್ತು. ಬದುವಿನ ಆಚೆ ಕರಿ ಬೂದಿ. ಅಲ್ಲೇ ಸುಟ್ಟು ತಾಮ್ರ ಮಾತ್ರ ಒಯ್ದಿದ್ದಾರೆ. ಸುಟ್ಟ ತಾಮ್ರ ಗುಜರಿ ಸೇರಿದರೆ ಯಾರದ್ದು ಅಂತ ಹೇಳುವುದು ಹೇಗೆ? ಹೊಟ್ಟೆ ಉರಿಯುತ್ತೆ.

ಹಾಗಾಗಿ ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್‌ವರೆಗಿನ ಕೇಬಲನ್ನು ಸುಮ್ನೆ ನೆಲದ ಮೇಲೆ ಬಿಡಬೇಡಿ. ಪೈಪಿನೊಳಗೆ ಹಾಕಿ ಎರಡು ಅಡಿ ಆಳಕ್ಕೆ ಹೂಳಿ. ಮೋಟರ್ ಓಡಿಸುವ ಥ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತು ನೋಡಿಯೇ ಕಳ್ಳರು ಕೈ ಹಾಕುವುದು, ಆ ಹೊತ್ತಲ್ಲಿ ಒಂದು ಸುತ್ತು ಹೋಗಿ ಬನ್ನಿ.

ಮೋಟರ್, ಸ್ಟಾರ್ಟರ್ ಮೇಲಿನ ನಂಬರ್ ಪ್ಲೇಟಿನ ಫೋಟೋ ಇವತ್ತೇ ತೆಗೆದುಕೊಳ್ಳಿ. ಬಿಲ್ ಜೊತೆಗಿಡಿ. ದೂರು ಕೊಡುವಾಗ ನಮ್ಮ ಹತ್ತಿರ ಬಿಲ್ಲೂ ಇರಲಿಲ್ಲ, ನಂಬರೂ ಇರಲಿಲ್ಲ. ಸ್ಪ್ರಿಂಕ್ಲರ್ ಪೈಪು, ಟ್ರ್ಯಾಕ್ಟರ್ ಬ್ಯಾಟರಿ ರಾತ್ರಿ ಮನೆಗೇ ತನ್ನಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಸಿಟ್ಟಿಗೆ ಬೇಲಿಗೋ ಪೆಟ್ಟಿಗೆಗೋ ಕರೆಂಟ್ ಕೊಡಬೇಡಿ. ಅದು ಅಪರಾಧ. ನೀರು ಕಟ್ಟಲು ಬರುವವರು ನಮ್ಮ ಮಕ್ಕಳೇ ಅಲ್ವಾ?

ರಾತ್ರಿ ಗುರುತಿಲ್ಲದ ಗಾಡಿ ಹೊಲದ ದಾರಿಯಲ್ಲಿ ನಿಂತಿದ್ದರೆ ಒಬ್ಬರೇ ಹತ್ತಿರ ಹೋಗಬೇಡಿ. 112ಕ್ಕೆ ಫೋನ್ ಮಾಡಿ, ಗಾಡಿ ನಂಬರ್ ಕಂಡರೆ ಗುಂಪಿಗೆ ಹಾಕಿ.

ಶನಿವಾರ ಸಂಜೆ 7ಕ್ಕೆ ಹಾಲಿನ ಡೈರಿ ಹತ್ತಿರ ಸೇರೋಣ. ಸರದಿ ಮೇಲೆ ಗಸ್ತು ತಿರುಗಲು ಮನೆಗೊಬ್ಬರು ಬನ್ನಿ, ಟಾರ್ಚ್ ತನ್ನಿ.