ಸಿಬುವಿನಿಂದ ತರುವುದಾದರೆ ಹೆಲ್ಮೆಟ್ ತನ್ನಿ, ಸಿಗಡಿ ಬಕೆಟ್ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಫಿಲಿಪ್ಪೀನ್ಸ್ ಪ್ರವಾಸ ಲೇಖನದ ದೊಡ್ಡ ಚಿತ್ರಕ್ಕೆ ‘ಪ್ರವಾಸಿಗರೊಂದಿಗೆ ಆಟವಾಡುತ್ತಿರುವ ತಿಮಿಂಗಿಲ’ ಎಂದು ಅಡಿಬರಹ ಕೊಟ್ಟಿದ್ದೀರಿ. ಅದು ತಿಮಿಂಗಿಲವಲ್ಲ, ಶಾರ್ಕ್. ಆಟವಾಡುತ್ತಲೂ ಇಲ್ಲ, ಉಣ್ಣುತ್ತಿದೆ. ಮೊದಲನೆಯ ತಪ್ಪನ್ನು ನನ್ನ ಒಂಬತ್ತನೆಯ ತರಗತಿಯ ಮಕ್ಕಳೂ ಮಾಡುತ್ತಾರೆ. ಅದರ ಹೆಸರೇ ತಿಮಿಂಗಿಲ ಶಾರ್ಕ್, ಗಾತ್ರವೂ ಹಾಗೇ ಇದೆ, ಆದ್ದರಿಂದ ಕ್ಷಮಿಸಬಹುದು. ಈ ಪತ್ರ ಬರೆಯುತ್ತಿರುವುದು ಎರಡನೆಯ ತಪ್ಪಿಗಾಗಿ. ಲೇಖಕರು ಕೊನೆಯಲ್ಲಿ ‘ನೇತ್ರಾಣಿ ದ್ವೀಪವೂ ನಮ್ಮದೇ, ಜಲಪಾತಗಳೂ ನಮ್ಮವೇ, ಇಂಥ ಒಂದು ದಿನದ ಪ್ಯಾಕೇಜ್ ಉತ್ತರ ಕನ್ನಡದಲ್ಲೇಕಿಲ್ಲ?’ ಎಂದು ಕೇಳಿದ್ದಾರೆ. ಮೊದಲು ಈ ಶಾರ್ಕ್‌ಗಳ ಜೊತೆ ಈಜು, ಆಮೇಲೆ ಜಲಪಾತದ ಹೊಳೆಗಿಳಿಯುವುದು: ಸಿಬು ದ್ವೀಪದ ಅದೇ ಪ್ಯಾಕೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆನೆದು ಬಂದವಳು ನಾನು. ಅದರಲ್ಲಿ ಯಾವುದನ್ನು ಇಲ್ಲಿಗೆ ತರಬಹುದು, ಯಾವುದನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕು ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನಗೆ 54 ವರ್ಷ. ಕುಮಟಾದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಗ ಹಡಗಿನಲ್ಲಿ ಎಂಜಿನಿಯರ್. ಅವನ ಜೊತೆ ದುಡಿಯುವವರಲ್ಲಿ ಅರ್ಧಕ್ಕರ್ಧ ಫಿಲಿಪ್ಪೀನ್ಸಿನವರು, ಹಡಗಿನ ಅಡುಗೆಯವನ ಊರು ಸಿಬು ದ್ವೀಪ. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರು ವೀಸಾ ಇಲ್ಲದೆ 14 ದಿನ ಆ ದೇಶದಲ್ಲಿರಬಹುದು ಎಂದಾದ ಮೇಲೆ, ಮಗನ ರಜೆಯಲ್ಲಿ ಇಬ್ಬರೂ ಹೊರಟೆವು. ಅಘನಾಶಿನಿಯಲ್ಲಿ ಈಜು ಕಲಿತವಳು ನಾನು, ನೀರಿನ ಹೆದರಿಕೆ ಇಲ್ಲ. ಎತ್ತರದ ಹೆದರಿಕೆ ಇದೆ. ಅದರ ಕತೆ ಮುಂದೆ ಬರುತ್ತದೆ.

ಸಿಬು ನಗರದಿಂದ ವ್ಯಾನು ಹೊರಟದ್ದು ಬೆಳಗಿನ ಜಾವ ಮೂರು ಗಂಟೆಗೆ. ದ್ವೀಪದ ಪೂರ್ವ ಕರಾವಳಿ ಹಿಡಿದು ದಕ್ಷಿಣಕ್ಕೆ ಮೂರು ತಾಸು ಓಡಿದರೆ ಶಾರ್ಕ್ ತೋರಿಸುವ ಊರು ಓಸ್ಲೋಬ್. ಬೆಳಕು ಹರಿಯುವಾಗಲೇ ಅಲ್ಲಿ ನಮ್ಮ ಗೋಕರ್ಣದ ಶಿವರಾತ್ರಿಯಂತೆ ಸಾಲು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ನಿಯಮ ಹೇಳಿದರು: ಮೀನಿನಿಂದ ನಾಲ್ಕು ಮೀಟರ್ ದೂರವಿರಬೇಕು, ಮುಟ್ಟಬಾರದು, ಬಿಸಿಲಿನ ಕ್ರೀಮು ಹಚ್ಚಿರಬಾರದು, ಫ್ಲ್ಯಾಶ್ ಹಾಕಬಾರದು. ಒಳ್ಳೆಯ ನಿಯಮಗಳೇ. ಆಮೇಲೆ ಎರಡೂ ಬದಿಗೆ ಬಿದಿರು ಕಟ್ಟಿದ, ನಮ್ಮ ಪಾತಿ ದೋಣಿಯ ನೆಂಟನಂತಿದ್ದ ದೋಣಿಯಲ್ಲಿ ಹುಟ್ಟು ಹಾಕುತ್ತಾ ಕರೆದೊಯ್ದರು. ದಡದಿಂದ ಕೂಗಿದರೆ ಕೇಳಿಸುವಷ್ಟು ದೂರ, ಅಷ್ಟೇ.

ನೀರಿಗಿಳಿದು ಮುಖ ಮುಳುಗಿಸಿದೆ. ನಿಜ ಹೇಳುತ್ತೇನೆ, ಮೊದಲ ಎರಡು ನಿಮಿಷ ಉಸಿರಾಡುವ ಕೊಳವೆ ಬಾಯಲ್ಲಿದೆ ಎಂಬುದೇ ಮರೆತುಹೋಯಿತು. ಕೆಂಪು ಬಸ್ಸಿನ ಅರ್ಧದಷ್ಟು ಉದ್ದದ ಮೀನು. ಬೂದು ಬೆನ್ನಿನ ಮೇಲೆ ಬಿಳಿ ಚುಕ್ಕಿ, ಚುಕ್ಕಿಗಳ ನಡುವೆ ಮಸುಕು ಗೆರೆ, ಯಾರೋ ರಂಗೋಲಿ ಹಾಕಲು ಕೂತು ಅರ್ಧಕ್ಕೆ ಎದ್ದುಹೋದಂತೆ. ಈ ಚುಕ್ಕಿಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರಗಳನ್ನು ಹೊಂದಿಸಿ ನೋಡಲು ಮಾಡಿಕೊಂಡ ಲೆಕ್ಕಾಚಾರವನ್ನೇ ಬಳಸಿ ಇವುಗಳ ಗುರುತು ಹಿಡಿಯುತ್ತಾರೆ. ಇದನ್ನು ಹತ್ತು ವರ್ಷದಿಂದ ಪಾಠದಲ್ಲಿ ಹೇಳುತ್ತಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಲೋಕದ ಅತಿ ದೊಡ್ಡ ಮೀನು, ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು.

ಮೂರನೆಯ ನಿಮಿಷಕ್ಕೆ ಆ ಮೀನು ಏನು ಮಾಡುತ್ತಿದೆ ಎಂಬುದು ಕಾಣಿಸಿತು. ಅದು ಈಜುತ್ತಿರಲಿಲ್ಲ. ಬಾಲ ಕೆಳಗೆ, ಬಾಯಿ ಮೇಲೆ ಮಾಡಿ, ನೆಟ್ಟಗೆ ಕಂಬದ ಹಾಗೆ ನಿಂತಿತ್ತು. ಅದರ ಮುಂದೆ ಒಂದು ಪುಟ್ಟ ದೋಣಿ, ದೋಣಿಯಲ್ಲೊಬ್ಬ, ಅವನ ಕಾಲಬಳಿ ಬಕೆಟ್. ಬಕೆಟ್ಟಿನಿಂದ ಹಿಡಿ ಹಿಡಿ ಪುಡಿ ಸಿಗಡಿ ತೆಗೆದು ಅದರ ಬಾಯಿಗೆ ಹಾಕುತ್ತಿದ್ದ. ಅವನು ದೋಣಿಯನ್ನು ಹಿಂದಕ್ಕೆ ನಡೆಸಿದರೆ ಮೀನು ಹಿಂದೆ ಹಿಂದೆ ಬರುತ್ತಿತ್ತು. ಪ್ರವಾಸಿಗರ ಸಾಲಿನ ಮುಂದೆ ಈ ಕಡೆಯಿಂದ ಆ ಕಡೆಗೆ ಅದರ ಮೆರವಣಿಗೆ. ನಾಲ್ಕು ಮೀಟರ್ ದೂರ ನಾವು ಇಟ್ಟುಕೊಂಡರೂ ಮೀನಿಗೆ ನಿಯಮ ಹೇಳಿದವರಿಲ್ಲ. ಅದು ತಿರುಗಿದಾಗ ಬಾಲ ನನ್ನ ಮಗನ ಮೊಣಕಾಲಿಗೆ ಸವರಿಹೋಯಿತು. ಅರ್ಧ ಗಂಟೆಯಾಯಿತೆಂದು ಸೀಟಿ ಊದಿದರು, ನಾವು ಹತ್ತಿದೆವು, ಮುಂದಿನವರು ಇಳಿದರು.

ಇದು ಅನಾದಿಯಿಂದ ನಡೆದುಬಂದ ಪದ್ಧತಿಯಲ್ಲ. 2011ರ ಸುಮಾರಿಗೆ ಶುರುವಾದದ್ದು. ಆ ಊರಿನ ಬಡ ಮೀನುಗಾರರಿಗೆ ಇದರಿಂದ ಸಂಪಾದನೆಯಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಕೇರಿಯಲ್ಲೂ ಬೋಟು ಖಾಲಿ ಬಂದ ದಿನದ ಮುಖಗಳನ್ನು ನೋಡಿ ಬೆಳೆದವಳು. ಆದರೆ ಅಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಸಂಶೋಧಕರು ಏನು ಕಂಡರು ಎಂಬುದೂ ಮುಚ್ಚಿಟ್ಟ ವಿಷಯವಲ್ಲ. ಸಾಗರ ದಾಟಿ ಅಲೆಯಬೇಕಾದ ಮೀನುಗಳಲ್ಲಿ ಕೆಲವು ತುತ್ತಿನ ಆಸೆಗೆ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಬೇರೆ ಕಡೆಯವುಗಳಿಗಿಂತ ಇವುಗಳ ಮೈಮೇಲೆ ಗಾಯದ ಗುರುತು ಹೆಚ್ಚು. ಆ ಜಾಗದ ಹವಳದ ದಿಬ್ಬವೂ ಸೊರಗಿದೆ. ದೋಣಿ ಎಂದರೆ ಊಟ ಎಂದು ಕಲಿತ ಮೀನು ನಾಳೆ ಯಂತ್ರದ ದೋಣಿಯ ಹತ್ತಿರವೂ ಹಾಗೇ ಹೋಗುತ್ತದೆ. ಪ್ರೊಪೆಲರ್ ಸಿಗಡಿ ಕೊಡುವುದಿಲ್ಲ.

ಇದು ಅರ್ಥವಾಗಲು ಸಿಬುವಿಗೆ ಹೋಗಬೇಕಾಗಿಯೂ ಇಲ್ಲ. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ಒಮ್ಮೆ ಕಾರು ನಿಲ್ಲಿಸಿ ನೋಡಿ. ಬಿಸ್ಕತ್ತಿಗೆ ಒಗ್ಗಿದ ಮಂಗಗಳು ತಿರುವಿನಲ್ಲಿ ಕಾದು ಕೂತಿರುತ್ತವೆ. ಎಸೆದವರು ಪುಣ್ಯ ಕಟ್ಟಿಕೊಂಡೆವು ಎಂದುಕೊಂಡು ಘಟ್ಟ ಇಳಿಯುತ್ತಾರೆ. ಚಕ್ರಕ್ಕೆ ಸಿಕ್ಕ ಮರಿಯನ್ನು ನೋಡುವವರು ಹಿಂದಿನ ಬಸ್ಸಿನವರು.

ಅದೇ ಫಿಲಿಪ್ಪೀನ್ಸಿನ ಡೊನ್ಸೋಲ್ ಎಂಬಲ್ಲಿ ಆಹಾರ ಹಾಕದೆ, ಮೀನು ತಾನಾಗಿ ಬಂದರೆ ಮಾತ್ರ ತೋರಿಸುತ್ತಾರೆ. ಒಮ್ಮೊಮ್ಮೆ ಏನೂ ಕಾಣದೆ ಮರಳಬೇಕು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಗುಜರಾತ್ ಇದೆ. 2001ರಲ್ಲಿ ಭಾರತ ಈ ಮೀನನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು ಯಕೃತ್ತಿನ ಎಣ್ಣೆಗಾಗಿ ಇದನ್ನು ಕೊಲ್ಲುತ್ತಿದ್ದ ಸೌರಾಷ್ಟ್ರದ ಮೀನುಗಾರರು, ಇಂದು ಬಲೆಗೆ ಬಿದ್ದರೆ ಬಲೆಯನ್ನೇ ಕತ್ತರಿಸಿ ಬಿಡುತ್ತಾರೆ. ಅರಣ್ಯ ಇಲಾಖೆ ಬಲೆಯ ನಷ್ಟಕ್ಕೆ ಪರಿಹಾರ ಕೊಡುತ್ತದೆ. ನಿಮ್ಮ ಪುರವಣಿಯಲ್ಲಿ ಇದರ ಬಗ್ಗೆ ಒಂದು ಪುಟ ಓದಲು ನಾನು ಕಾಯುತ್ತೇನೆ.

ಇನ್ನು ದಿನದ ಉಳಿದರ್ಧ. ಲೇಖಕರು ಅದಕ್ಕೆ ಎರಡೇ ಸಾಲು ಕೊಟ್ಟಿದ್ದಾರೆ, ಅದೂ ನೀರಿನ ಬಣ್ಣದ ಬಗ್ಗೆ. ಓಸ್ಲೋಬ್‌ನಿಂದ ದ್ವೀಪದ ತುದಿ ಸುತ್ತಿ ಪಶ್ಚಿಮ ಕರಾವಳಿಗೆ ಬಂದರೆ ಅಲೆಗ್ರಿಯಾ ಮತ್ತು ಬಡಿಯಾನ್ ಎಂಬ ಊರುಗಳು. ಅಲೆಗ್ರಿಯಾದ ಕಡೆ ಹೊಳೆಗಿಳಿದು, ಕೊರಕಲಿನೊಳಗೆ ಹೊಳೆಯ ಜೊತೆಜೊತೆಗೇ ಈಜುತ್ತಾ, ಜಾರುತ್ತಾ, ಹಾರುತ್ತಾ ಕೆಳಗಿನ ಕವಾಸನ್ ಜಲಪಾತಕ್ಕೆ ಬಂದು ಸೇರುವುದು. ಇದನ್ನು ಕ್ಯಾನ್ಯನಿಯರಿಂಗ್ ಎನ್ನುತ್ತಾರೆ. ನಮಗೆ ಮೂರೂವರೆ ತಾಸು ಹಿಡಿಯಿತು.

ಮೊದಲು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ನಾನು ಪೂರ್ತಿ ಓದಿದೆ. ಸಾಲಿನಲ್ಲಿದ್ದವರು ನಿಟ್ಟುಸಿರು ಬಿಟ್ಟರು, ಮಗ ಬೇರೆ ಕಡೆ ನೋಡಿದ. ಓದದೆ ಸಹಿ ಹಾಕಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿ ನಾನೇ ತಪ್ಪಲು ಆಗುತ್ತದೆಯೇ? ಆಮೇಲೆ ಹೆಲ್ಮೆಟ್, ಲೈಫ್ ಜಾಕೆಟ್, ಜಾರದ ಬೂಟು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಮಾರ್ಗದರ್ಶಿ ಒಂದೊಂದಾಗಿ ಎಳೆದು ನೋಡಿದ. ನಮ್ಮ ಗುಂಪು ಆರು ಜನರದು, ಮಾರ್ಗದರ್ಶಿಗಳು ಇಬ್ಬರು, ಒಬ್ಬ ಮುಂದೆ, ಒಬ್ಬ ಹಿಂದೆ.

ಮುಂದಿನವನಿಗೆ ಇಪ್ಪತ್ತಾರು ವರ್ಷ, ಅದೇ ಹೊಳೆಯ ದಂಡೆಯ ಊರಿನವನು. ಯಾವ ಕಲ್ಲಿಗೆ ಪಾಚಿಯಿದೆ, ಯಾವ ಮಡುವಿನ ಎಡಬದಿ ಆಳ, ಎಲ್ಲಿ ಸೆಳೆತ ಒಳಕ್ಕೆ ಎಳೆಯುತ್ತದೆ, ಅವನಿಗೆ ಬಾಯಿಪಾಠ. ಪ್ರತಿ ಮಡುವಿಗೂ ಮೊದಲು ತಾನು ಹಾರಿ, ಕೆಳಗೆ ನಿಂತು, ನಾವು ಬೀಳಬೇಕಾದ ಜಾಗಕ್ಕೆ ಅಂಗೈಯಿಂದ ನೀರು ತಟ್ಟಿ ತೋರಿಸುತ್ತಿದ್ದ. 2021ರ ಡಿಸೆಂಬರಿನ ಒಡೆಟ್ ಚಂಡಮಾರುತದಲ್ಲಿ ಮರ, ಬಂಡೆ ಬಿದ್ದು ಹೊಳೆಯ ತಳವೇ ಬದಲಾಗಿತ್ತಂತೆ. ‘ಮತ್ತೆ ಒಂದೊಂದು ಮಡುವಿಗೂ ಮುಳುಗಿ ನಾವೇ ನೋಡಿಕೊಂಡೆವು, ಆಮೇಲೆಯೇ ನಿಮ್ಮಂಥವರನ್ನು ಬಿಟ್ಟದ್ದು’ ಎಂದ. ಮೇಲಿನ ಗುಡ್ಡದಲ್ಲಿ ಜೋರು ಮಳೆಯಾದರೆ ಆ ದಿನ ಯಾರನ್ನೂ ಇಳಿಸುವುದಿಲ್ಲ ಎಂದೂ ಹೇಳಿದ. ಇಲ್ಲಿ ಬಿಸಿಲಿದ್ದರೂ ಅಲ್ಲಿನ ಮಳೆ ಕೊರಕಲಿಗೆ ಒಮ್ಮೆಲೇ ನುಗ್ಗುತ್ತದೆ, ಘಟ್ಟದ ಕೆಳಗಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತರದ ಹೆದರಿಕೆಯ ಕತೆ ಹೇಳುತ್ತೇನೆ ಎಂದಿದ್ದೆ. ಎರಡಾಳೆತ್ತರದ ಬಂಡೆಯ ಅಂಚಿನಲ್ಲಿ ನಿಂತು ನಾನು ಅಲ್ಲಾಡಲಿಲ್ಲ. ಕೆಳಗಿನಿಂದ ಎಲ್ಲರೂ ‘ಅಮ್ಮಾ, ಹಾರಿ’ ಎಂದು ಕೂಗುತ್ತಿದ್ದರು. ಎಲ್ಲರಿಗೂ ಕನ್ನಡದ ಆ ಎರಡು ಪದ ಕಲಿಸಿದವನು ನನ್ನ ಮಗನೇ. ಹಿಂದಿದ್ದ ಮಾರ್ಗದರ್ಶಿ ಮಾತ್ರ ಕೂಗಲಿಲ್ಲ. ಬಂದು ಪಕ್ಕದಲ್ಲಿ ನಿಂತು, ಹಾರುವುದು ಕಡ್ಡಾಯವಲ್ಲ, ಬಲಗಡೆ ಹಗ್ಗ ಹಿಡಿದು ಇಳಿಯುವ ದಾರಿಯಿದೆ ಎಂದ. ನಾನು ಹಗ್ಗ ಹಿಡಿದೇ ಇಳಿದೆ. ಮುಂದೆ ನನ್ನೆತ್ತರದ ಇನ್ನೊಂದು ಬಂಡೆಯಿಂದ ಹಾರಿದೆ, ಅದು ಯಾರ ಒತ್ತಾಯಕ್ಕೂ ಅಲ್ಲ. ಹೆದರಿದವರನ್ನು ನಗೆಗೀಡು ಮಾಡದೆ ಇನ್ನೊಂದು ದಾರಿ ತೋರಿಸುವುದು ಆ ಹುಡುಗನ ತರಬೇತಿಯ ಭಾಗ ಎಂದು ನನಗನ್ನಿಸಿತು. ಮೇಷ್ಟ್ರಾದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ.

ಆ ಹೊಳೆಯ ಹಸಿರುನೀಲಿಗೆ ಕಾರಣ ಸುಣ್ಣಕಲ್ಲು. ನಮ್ಮ ಯಾಣದ ಕರಿ ಬಂಡೆಗಳೂ ಸುಣ್ಣಕಲ್ಲೇ, ಹತ್ತಿರದ ವಿಭೂತಿ ಜಲಪಾತಕ್ಕೆ ಆ ಹೆಸರು ಬಂದದ್ದೂ ಬೂದಿಬಣ್ಣದ ಆ ಕಲ್ಲಿನಿಂದ. ಆ ನೆಂಟಸ್ತಿಕೆ ನೋಡಿ ಖುಷಿಪಟ್ಟವಳಿಗೆ ಮರುಗಳಿಗೆಯೇ ಇಲ್ಲಿನ ನೆನಪಾಗಿ ಮನಸ್ಸು ಕಹಿಯಾಯಿತು. ನಮ್ಮ ಜಲಪಾತಗಳ ಬುಡದಲ್ಲಿ ಏನಿದೆ? ‘ಅಪಾಯ, ನೀರಿಗೆ ಇಳಿಯಬಾರದು’ ಎಂಬ ತುಕ್ಕು ಹಿಡಿದ ಫಲಕ. ಮಳೆಗಾಲದಲ್ಲಿ ಯಾರಾದರೂ ಕೊಚ್ಚಿಹೋದರೆ ಪ್ರವೇಶ ನಿಷೇಧ. ನಿಷೇಧ ಮುಗಿದ ಮೇಲೆ ಮತ್ತೆ ಅದೇ ಫಲಕ. ಆ ಮಡುವಿನ ಆಳ ಬಲ್ಲ ಹುಡುಗರು ಊರಿನಲ್ಲಿಲ್ಲವೇ? ಇದ್ದಾರೆ. ಶವ ಹುಡುಕಲು ಪೊಲೀಸರು ಕರೆಯುವುದು ಅವರನ್ನೇ. ಅದೇ ಹುಡುಗರಿಗೆ ಮೊದಲೇ ತರಬೇತಿ ಕೊಟ್ಟು, ಹೆಲ್ಮೆಟ್, ಹಗ್ಗ ಕೊಟ್ಟು, ಗ್ರಾಮ ಅರಣ್ಯ ಸಮಿತಿಯಿಂದ ದಿನಗೂಲಿ ಕೊಟ್ಟು, ಮಳೆ ನಿಂತ ತಿಂಗಳುಗಳಲ್ಲಿ ಎಣಿಸಿದಷ್ಟೇ ಜನರನ್ನು ಅವರ ಜೊತೆ ಬಿಡಲು ಏನು ಅಡ್ಡಿ?

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಕೋಲಾರ ಜಿಲ್ಲೆಯಿಂದ ಬಂದ ಮಕ್ಕಳು. ಅದಾದ ಮೇಲೆ ನಮ್ಮ ಶಾಲೆಯ ಪ್ರವಾಸದ ಸಭೆಯಲ್ಲಿ ‘ನೀರಿರುವ ಜಾಗವೇ ಬೇಡ’ ಎಂದು ಒಬ್ಬರು ಹೇಳಿದರು, ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಕರಾವಳಿಯ ಶಾಲೆಯೊಂದು ನೀರಿಲ್ಲದ ಜಾಗ ಹುಡುಕಿಕೊಂಡು ಪ್ರವಾಸ ಹೊರಟಿತು. ಕವಾಸನ್‌ನ ಆ ಹುಡುಗ ನನ್ನ ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡುವಾಗ ನನಗೆ ಆ ಸಭೆ ನೆನಪಾಯಿತು.

ಮರುದಿನ ಯಾವ ಪ್ಯಾಕೇಜೂ ಇಲ್ಲದೆ ಹತ್ತಿರದ ಮೊಆಲ್‌ಬೊಆಲ್‌ಗೆ ಹೋದೆವು. ದಡದಿಂದ ಹತ್ತಿಪ್ಪತ್ತು ಮಾರು ಈಜಿದರೆ ಕಡಲತಳ ಒಮ್ಮೆಲೇ ಕಡಿದು ಬೀಳುತ್ತದೆ, ಅಲ್ಲಿ ವರ್ಷವಿಡೀ ಲಕ್ಷಗಟ್ಟಲೆ ಬೂತಾಯಿಗಳು, ನಮ್ಮಲ್ಲಿ ತಾರ್ಲೆ ಎನ್ನುತ್ತೇವಲ್ಲ, ಆ ಜಾತಿಯವು. ಮೋಡದಂತೆ ಕವಿದು, ನಾನು ಕೈ ಚಾಚಿದರೆ ಕೈಯಷ್ಟಗಲ ಬಿಟ್ಟುಕೊಟ್ಟು, ಹಿಂದೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಕೆಳಗೆ ಆಮೆಯೊಂದು ಹುಲ್ಲು ಮೇಯುತ್ತಿತ್ತು. ಯಾರ ಕೈಯಲ್ಲೂ ಬಕೆಟ್ ಇರಲಿಲ್ಲ. ಹುರಿದು ತಿನ್ನುವುದಷ್ಟೇ ಗೊತ್ತಿದ್ದ ಮೀನನ್ನು ಮುಕ್ಕಾಲು ಗಂಟೆ ಸುಮ್ಮನೆ ನೋಡಿದೆ.

ನೇತ್ರಾಣಿಗೆ ಬಂದರೆ, ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ ಇಂದಿಗೂ ಮೀನುಗಳು ತಮ್ಮ ಪಾಡಿಗೆ ಇವೆ. ಹಿಂದಿನ ವರ್ಷ ನಾನು ಅಲ್ಲಿಗೆ ಹೋಗಿದ್ದಾಗ ದೋಣಿಯಲ್ಲಿದ್ದ ಪ್ರವಾಸಿಗರೊಬ್ಬರು ಚೀಲದಿಂದ ಬ್ರೆಡ್ ತೆಗೆದು ಚೂರು ಮಾಡಿ ನೀರಿಗೆ ಎಸೆದರು. ಬಣ್ಣಬಣ್ಣದ ಮೀನುಗಳು ಮೇಲೆದ್ದು ಮುತ್ತಿಕೊಂಡವು. ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಇನ್ನೂ ಸಿಬುವಿಗೆ ಹೋಗಿರಲಿಲ್ಲ. ನಾನೂ ತಟ್ಟಿದ್ದೆ.

— ವಿಜ್ಞಾನ ಶಿಕ್ಷಕಿ, ಕುಮಟಾ