ಸ್ಟಾಕ್‌ಗಳಲ್ಲಿ ನಾವು ಮಾಡುತ್ತಿರುವ ಬದಲಾವಣೆ: ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿನಿಂದ ನಾವು ಬೇಟೆ ರೈಫಲ್‌ಗಳಿಗೆ ಅರ್ಧ ಕೆತ್ತಿದ ಮರದ ಸ್ಟಾಕ್‌ಗಳನ್ನು ಮಾರುತ್ತೇವೆ. ಸ್ಟಾಕ್ ಅಂದರೆ ರೈಫಲಿನ ಲೋಹದ ಭಾಗಗಳು ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗ. ಚಿತ್ತಾರದ ಅಕ್ರೋಟ್ ಮರವನ್ನು ತರಿಸಿ ಇಡುವುದನ್ನು ನಿಲ್ಲಿಸುತ್ತಿದ್ದೇವೆ. ನಮ್ಮ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಇಷ್ಟು ವರ್ಷ ಒಳಗೆ ಕಾಲಿಟ್ಟವರೆಲ್ಲ ಮೊದಲು ಕೈಯಾಡಿಸುತ್ತಿದ್ದದ್ದು ಆ ಮರದ ಮೇಲೆಯೇ. ಹಾಗಾಗಿ ಯಾಕೆ ಅಂತ ಬಿಡಿಸಿ ಹೇಳಬೇಕು.

ಕಳೆದ ಸಲ ಬೇಟೆ ಕಾಲ ಮುಗಿದ ಮೇಲೆ ಗ್ರಾಹಕರೊಬ್ಬರು ತಮ್ಮ ರೈಫಲ್ ತಂದರು. ಸ್ಟಾಕ್ ನಾವೇ ಮಾಡಿಕೊಟ್ಟದ್ದು. ಹೆಗಲಿಗೆ ಒತ್ತುವ ಹಿಂಭಾಗ, ಅಂದರೆ ಬಟ್ಟಿನ ತುಂಬ ಹೊಗೆ ಸುತ್ತಿಕೊಂಡ ಹಾಗೆ ಕಪ್ಪು ಕಂದು ಗೆರೆಗಳು, ಬೆಳಕಿಗೆ ಹಿಡಿದರೆ ಒಳಗಿಂದ ಹೊಳೆಯುವ ಮರ. ಅವರು ಜಾಸ್ತಿ ಮಾತಾಡಲಿಲ್ಲ. ಆಕ್ಷನ್ನಿನ (ಗುಂಡು ತುಂಬಿ ಹಾರಿಸುವ ಲೋಹದ ಭಾಗ) ಹಿಂದಿನ ತುದಿ, ಅಂದರೆ ಬಾಲ, ಮರದೊಳಗೆ ಮುಗಿಯುವ ಜಾಗದಲ್ಲಿ ಉಗುರು ಎಳೆದು ತೋರಿಸಿದರು. ಉಗುರು ತಡೆಯಿತು. ಕೂದಲಿನಷ್ಟು ಸಣ್ಣ ಬಿರುಕು, ಒಂದು ಇಂಚಿನಷ್ಟು ಉದ್ದ, ಕತ್ತಿನ ಕಡೆಗೆ ಓರೆಯಾಗಿ ಇಳಿದಿತ್ತು.

ಬಿಚ್ಚಿ ನೋಡಿದರೆ ಎರಡು ತಪ್ಪು ಕಂಡವು. ಟ್ರಿಗರ್ ಹಿಂದೆ ಕೈ ಸುತ್ತಿ ಹಿಡಿಯುವ ಸಪೂರ ಜಾಗವನ್ನು ನಾವು ಕತ್ತು ಅನ್ನುತ್ತೇವೆ. ಇಡೀ ಸ್ಟಾಕಿನಲ್ಲಿ ಮರ ಕಡಿಮೆ ಇರುವುದು, ಏಟು ಜಾಸ್ತಿ ಬೀಳುವುದು ಅಲ್ಲಿಯೇ. ಆ ಸ್ಟಾಕಿನಲ್ಲಿ ಮರದ ಎಳೆ ಕತ್ತಿನ ಉದ್ದಕ್ಕೂ ಹರಿಯದೆ, ಮೇಲಿನಿಂದ ಅಡ್ಡ ಹಾಯ್ದು ಪಕ್ಕಕ್ಕೆ ಹೊರಟುಹೋಗಿತ್ತು. ಇನ್ನೊಂದು, ಬಾಲದ ಹಿಂದೆ ಒಂದಿಷ್ಟೂ ಸಂದು ಇರಲಿಲ್ಲ. ಗುಂಡು ಹಾರಿದಾಗಲೆಲ್ಲ ಆಕ್ಷನ್ ಹಿಂದಕ್ಕೆ ಒದೆಯುತ್ತದೆ. ಅದನ್ನು ತಡೆಯಬೇಕಾದ್ದು ಮುಂದೆ ತಳದಲ್ಲಿರುವ ಲೋಹದ ಗೂಟ, ರೀಕಾಯ್ಲ್ ಲಗ್. ಲಗ್ ಮರಕ್ಕೆ ಸರಿಯಾಗಿ ಒರಗಿರದಿದ್ದರೆ ಬಾಲವೇ ಬೆಣೆಯ ಹಾಗೆ ಕತ್ತನ್ನು ಸೀಳುತ್ತದೆ. ಬೆಡ್ಡಿಂಗ್, ಅಂದರೆ ಲೋಹ ಮರದಲ್ಲಿ ಅಲುಗದೆ ಕೂರುವ ಹಾಗೆ ನಡುವೆ ಎಪಾಕ್ಸಿ ಅಂಟು ತುಂಬುವ ಕೆಲಸ, ಮಾಡಿಸಲಿಲ್ಲವೇ ಅಂತ ಕೇಳಿದೆವು. "ದುಡ್ಡೆಲ್ಲ ಮರಕ್ಕೇ ಹೋಯಿತು, ಅದನ್ನು ಮುಂದಿನ ವರ್ಷ ಮಾಡಿಸೋಣ ಅಂತ ಬಿಟ್ಟೆ" ಅಂದರು.

ಅವರ ದುಡ್ಡನ್ನೆಲ್ಲ ಮರಕ್ಕೆ ಹಾಕಿಸಿದ್ದು ನಾವು. ಎಳೆ ನೋಡದೆ ಚಿತ್ತಾರ ನೋಡಿ ಆ ತುಂಡನ್ನು ಆರಿಸಿದ್ದೂ ನಾವೇ. ಬೇರೆ ಸ್ಟಾಕ್ ಮಾಡಿ ಬೆಡ್ಡಿಂಗ್ ಸಹಿತ ಕೊಟ್ಟೆವು. ಆಮೇಲೆ ಕೂತು ಯೋಚನೆ ಮಾಡಿದೆವು. ರೈಫಲ್ ಕಟ್ಟಿಸುವವರಲ್ಲಿ ಹೆಚ್ಚಿನವರಿಗೆ ಬ್ಯಾರಲ್, ಆಕ್ಷನ್, ದುರ್ಬೀನು ಕೊಳ್ಳುವಷ್ಟರಲ್ಲಿ ಕೈ ಖಾಲಿಯಾಗಿರುತ್ತದೆ. ಉಳಿದದ್ದರಲ್ಲಿ ಸ್ಟಾಕ್ ಆಗಬೇಕು. ಆ ದುಡ್ಡು ಮೊದಲು ಹೋಗಬೇಕಾದ್ದು ನೇರ ಎಳೆಗೆ, ಒಣಗಿದ ಮರಕ್ಕೆ, ಬೆಡ್ಡಿಂಗಿಗೆ. ಚಂದ ಆಮೇಲೆ.

ಚಿತ್ತಾರದ ಮರ ಯಾಕೆ ಅಷ್ಟು ದುಬಾರಿ ಅಂದರೆ, ಅದು ಸಿಗುವುದು ಬುಡದಲ್ಲಿ, ಇಲ್ಲವೇ ಕೊಂಬೆ ಕವಲೊಡೆಯುವ ಕಡೆ. ಒಂದು ಮರದಲ್ಲಿ ಕೆಲವೇ ತುಂಡು. ಒಣಗುವಾಗ ಅದರಲ್ಲೂ ಕೆಲವು ತಿರುಚಿಕೊಂಡು ಹಾಳಾಗುತ್ತವೆ. ಎಳೆ ಸುತ್ತಿಕೊಂಡಿರುವುದರಿಂದಲೇ ಚಂದ, ಎಳೆ ಸುತ್ತಿಕೊಂಡಿರುವುದರಿಂದಲೇ ಬಲ ಕಡಿಮೆ. ಅದೇ ಮರದ ನೇರ ಕಾಂಡದಲ್ಲಿ ಸಿಗುವ ಸಾದಾ ತುಂಡು ಬೇಟೆಗೆ ಅದಕ್ಕಿಂತ ಗಟ್ಟಿ, ಬೆಲೆಯೂ ಕಮ್ಮಿ. ನೀವು ಎಲ್ಲೇ ಕೊಂಡರೂ ತುಂಡನ್ನು ಪಕ್ಕದಿಂದ ನೋಡಿ. ಮುಂಭಾಗದಲ್ಲಿ ಎಳೆ ಬ್ಯಾರಲ್‌ಗೆ ಸಮನಾಗಿ ಓಡಬೇಕು. ಕತ್ತಿನ ಹತ್ತಿರ ಬಂದಾಗ ಕತ್ತು ಬಾಗಿದ ಹಾಗೇ ಅದೂ ಬಾಗಿ ಇಳಿಯಬೇಕು. ಚಿತ್ತಾರ ಏನಿದ್ದರೂ ಬಟ್ಟಿನಲ್ಲಿ ಇರಲಿ. ಮೇಲಿನಿಂದಲೂ ಒಂದು ಸಲ ನೋಡಿ, ಎಳೆ ಎಡಕ್ಕೋ ಬಲಕ್ಕೋ ಜಾರಿದ್ದರೆ ಬೇಡ ಅನ್ನಿ. ಮಾರುವವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಒಣಗಿಸುವ ವಿಷಯದಲ್ಲಿ ನಮ್ಮ ಪದ್ಧತಿ ಬದಲಾಗಿಲ್ಲ. ಗಾಳಿಯಲ್ಲಿ ಒಣಗಿಸುವ ಮರಕ್ಕೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಹಳೆಯ ಲೆಕ್ಕ. ಸ್ಟಾಕಿನ ತುಂಡು ಎರಡೂವರೆ ಇಂಚಿನ ಆಸುಪಾಸು ದಪ್ಪ ಇರುತ್ತದೆ. ಆದರೆ ಲೆಕ್ಕ ನಂಬಿ ಕೂರುವುದಿಲ್ಲ. ಪ್ರತಿ ತುಂಡಿನ ತುದಿಯಲ್ಲಿ ಪೆನ್ಸಿಲಿನಿಂದ ತಾರೀಕು, ತೂಕ ಬರೆದಿರುತ್ತೇವೆ. ತಿಂಗಳಿಗೊಮ್ಮೆ ತೂಗುತ್ತೇವೆ. ತೂಕ ಇಳಿಯುವುದು ನಿಂತು, ತೇವಾಂಶ ಶೇ 10ಕ್ಕಿಂತ ಕೆಳಗೆ ಬಂದ ಮೇಲೆಯೇ ಅದಕ್ಕೆ ಉಳಿ ತಾಗುವುದು. ಆ ಪೆನ್ಸಿಲ್ ಬರಹ ಇನ್ನು ಮುಂದೆ ನಿಮಗೂ ಕಾಣುತ್ತದೆ. ಬಟ್ಟಿನ ತುದಿಯಲ್ಲಿ ಹಾಗೇ ಬಿಟ್ಟಿರುತ್ತೇವೆ.

ಈಗ ಅರ್ಧ ಕೆತ್ತಿದ ಸ್ಟಾಕ್ ಅಂದರೆ ಏನು? ಮಾದರಿ ಸ್ಟಾಕಿನ ಮೇಲೆ ಒಂದು ಚಕ್ರ ಓಡುತ್ತದೆ, ಅದೇ ಓಟವನ್ನು ಕತ್ತರಿಸುವ ಚಕ್ರ ಹೊಸ ಮರದ ಮೇಲೆ ಓಡುತ್ತದೆ. ಈ ಉಪಾಯ ಹಳೆಯದು. ಅಮೆರಿಕದ ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಇಂಥ ಯಂತ್ರ ಮಾಡಿದ್ದೇ ಬಂದೂಕಿನ ಸ್ಟಾಕ್ ಕೆತ್ತುವುದಕ್ಕೆ. ಯಂತ್ರ ಹೊರಗಿನ ಆಕಾರವನ್ನು ಹತ್ತಿರ ಹತ್ತಿರ ತಂದು ಬಿಡುತ್ತದೆ. ಆಕ್ಷನ್, ಬ್ಯಾರಲ್, ಮ್ಯಾಗಜೀನ್ ಕೂರುವ ಗುಂಡಿಯನ್ನು ಸ್ವಲ್ಪ ಬಿಗಿಯಾಗಿಯೇ ತೆಗೆಯುತ್ತದೆ. ಉಳಿದ ಕೈಕೆಲಸ ನಿಮ್ಮದು, ಇಲ್ಲವೇ ನಿಮ್ಮ ಬಂದೂಕು ಕೆಲಸದವರದ್ದು. ಸ್ಟಾಕಿನ ಬೆಲೆಯಲ್ಲಿ ದೊಡ್ಡ ಪಾಲು ಕೈಕೆಲಸದ್ದೇ ಅಲ್ವಾ? ಅದು ಕಳೆದರೆ ಪೂರ್ತಿ ಮುಗಿಸಿದ ಸ್ಟಾಕಿನ ಅರ್ಧ ಬೆಲೆಗೂ ಕಡಿಮೆಗೆ ಕೊಡಲು ನಮಗೆ ಆಗುತ್ತದೆ.

ಆ ಕೈಕೆಲಸಕ್ಕೆ ಹೆದರಬೇಡಿ. ಬೇಕಾದ್ದು ಹರಿತವಾದ ಎರಡು ಉಳಿ, ಒಂದು ಅರ, ತಾಳ್ಮೆ. ರೈಫಲ್ ಖಾಲಿ ಇದೆಯೇ ಅಂತ ಗುಂಡು ಕೂರುವ ಚೇಂಬರ್ ತೆರೆದು ಕಣ್ಣಲ್ಲಿ ನೋಡಿ, ಆಮೇಲೆ ಬಿಚ್ಚಿ. ಆಕ್ಷನ್ನಿನ ತಳಕ್ಕೆ ಎಣ್ಣೆ ಬೆರೆಸಿದ ಮಸಿಯನ್ನು ತೆಳ್ಳಗೆ ಹಚ್ಚಿ ಗುಂಡಿಯಲ್ಲಿ ಇಟ್ಟು ಒತ್ತಿ, ಎತ್ತಿ. ಕಪ್ಪು ತಾಗಿದ ಜಾಗವನ್ನಷ್ಟೇ ಕೆರೆಯಿರಿ. ಮತ್ತೆ ಇಡಿ, ಮತ್ತೆ ಎತ್ತಿ. ಮೊದಲು ಒಂದೆರಡು ಚುಕ್ಕೆ ಬೀಳುತ್ತವೆ. ಐವತ್ತು ಸಲ ಆದ ಮೇಲೆ ತಳದ ತುಂಬ ಕಪ್ಪು ಹರಡುತ್ತದೆ. ಆಗ ಲೋಹ ಮರದೊಳಗೆ ಕೂರುವ ಸದ್ದೇ ಬದಲಾಗುತ್ತದೆ, ಕೈಗೆ ಗೊತ್ತಾಗುತ್ತದೆ. ಲಗ್ಗಿನ ಹಿಂಬದಿ ಮಾತ್ರ ಪೂರ್ತಿ ತಾಗಲೇಬೇಕು. ಬಾಲದ ಹಿಂದೆ ಒಂದು, ಒಂದೂವರೆ ಮಿಲಿಮೀಟರ್ ಸಂದು ಬಿಡಿ. ಬ್ಯಾರಲ್ ಮತ್ತು ಸ್ಟಾಕಿನ ಮುಂಭಾಗದ ನಡುವೆ ಒಂದು ಕಾಗದ ತುದಿಯಿಂದ ಆಕ್ಷನ್‌ವರೆಗೆ ತಡೆಯಿಲ್ಲದೆ ಜಾರಬೇಕು. ಮರ ಮಳೆ ಬಿಸಿಲಿಗೆ ಉಬ್ಬಿ ಬ್ಯಾರಲನ್ನು ತಳ್ಳಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.

ಇದರ ಮೇಲೆ ಎಪಾಕ್ಸಿ ಬೆಡ್ಡಿಂಗ್ ಮಾಡಿಸಿ. ಆಕ್ಷನ್ನನ್ನು ಸ್ಟಾಕಿಗೆ ಬಿಗಿಯುವ ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕೊಳವೆ ಹಾಕಿಸಿದರೆ ಇನ್ನೂ ಒಳ್ಳೆಯದು. ಸ್ಕ್ರೂ ಬಿಗಿದಾಗ ಒತ್ತಡ ಮರದ ಮೇಲೆ ಬೀಳುವುದಿಲ್ಲ. ಎಪಾಕ್ಸಿಗೆ ಮೊದಲು ಲೋಹಕ್ಕೆ ಅಂಟದ ಹಾಗೆ ಮೇಣ ಹಚ್ಚುವುದನ್ನು ಮರೆಯಬೇಡಿ. ಮರೆತವರ ಆಕ್ಷನ್ ಮರದೊಳಗೇ ಉಳಿದದ್ದನ್ನು ನೋಡಿದ್ದೇವೆ.

ಹೊರಮೈಗೆ ಉಪ್ಪುಕಾಗದ ಉಜ್ಜಿ, ಒದ್ದೆ ಬಟ್ಟೆ ಒತ್ತಿ ಎದ್ದ ನಾರನ್ನು ಮತ್ತೆ ಉಜ್ಜಿ, ಕುದಿಸಿದ ಅಗಸೆ ಎಣ್ಣೆಯನ್ನೋ ಟಂಗ್ ಎಣ್ಣೆಯನ್ನೋ ತೆಳ್ಳಗೆ ಹಲವು ಸಲ ಹಚ್ಚಿದರೆ ಸಾದಾ ಅಕ್ರೋಟ್ ಕೂಡ ನೋಡಲು ಚಂದ ಆಗುತ್ತದೆ. ಒಳಗಿನ ಗುಂಡಿಗೆ, ರಬ್ಬರ್ ಪ್ಯಾಡಿನ ಕೆಳಗಿನ ತುದಿಗೆ ಎಣ್ಣೆ ಸಾಲದು, ಅಲ್ಲಿ ವಾರ್ನಿಷ್ ಹಾಕಿ. ನೀರು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಅಕ್ರೋಟ್ ಬೇಡ, ಇನ್ನೂ ಅಗ್ಗ ಬೇಕು ಅನ್ನುವವರಿಗೆ ಬೀಚ್ ಮರ ಇಡುತ್ತೇವೆ. ಬಣ್ಣ ಪೇಲವ, ಒಳ್ಳೆಯ ಕೆಲಸದ ಮರ. ಮಳೆಯಲ್ಲೇ ಬೇಟೆ ಆಡುವವರಿಗೆ ಪದರ ಅಂಟಿಸಿದ ಬರ್ಚ್ ಸ್ಟಾಕ್ ನೋಡಿ ಅನ್ನುತ್ತೇವೆ. ತೂಕ ಜಾಸ್ತಿ, ಆದರೆ ತಿರುಚುವುದು ತೀರಾ ಕಡಿಮೆ. ಯಾರಾದರೂ ಬಿಚ್ಚಿಟ್ಟ ಹಳೆಯ ಕಾರ್ಖಾನೆ ಸ್ಟಾಕ್ ಸಿಕ್ಕಿದರೆ ನಮ್ಮಿಂದ ಕೊಳ್ಳುವುದೇ ಬೇಡ, ಅದನ್ನು ತನ್ನಿ. ಬಿರುಕಿಲ್ಲದಿದ್ದರೆ ಬೆಡ್ಡಿಂಗ್ ಅಷ್ಟೇ ಮಾಡಿಕೊಡುತ್ತೇವೆ.

ಆರ್ಡರ್ ಕೊಡುವಾಗ ಆಕ್ಷನ್ನಿನ ಹೆಸರು ಬರೆದರೆ ಸಾಲದು. ಎರಡು ಸ್ಕ್ರೂಗಳ ನಡುವಿನ ದೂರವನ್ನು ಅಳೆದು ಬರೆಯಿರಿ. ನೋಡಲು ಒಂದೇ ಥರ ಇರುವ ಮೌಸರ್ ಮಾದರಿಯ ರೈಫಲ್‌ಗಳಲ್ಲೂ ಕಾಲು ಇಂಚಿನಷ್ಟು ಗಿಡ್ಡ ಇರುವ ಆಕ್ಷನ್‌ಗಳಿವೆ. ಬ್ಯಾರಲ್ ದಪ್ಪವನ್ನು ಎರಡು ಮೂರು ಕಡೆ ಅಳೆಯಿರಿ. ಟ್ರಿಗರ್‌ನಿಂದ ಬಟ್ಟಿನ ತುದಿಗೆ ಎಷ್ಟು ಬೇಕು ಅಂತ ಹೇಳಿ. ಕಾರ್ಖಾನೆ ಸ್ಟಾಕ್‌ಗಳಲ್ಲಿ ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು ಇರುತ್ತದೆ. ದಪ್ಪ ಕೋಟು ಹಾಕಿ ಬೇಟೆಗೆ ಹೋಗುವವರಾದರೆ ಆ ಕೋಟು ಹಾಕಿಕೊಂಡೇ ಅಳೆಯಿರಿ.

ಈಗಾಗಲೇ ಚಿತ್ತಾರದ ಮರಕ್ಕೆ ಮುಂಗಡ ಕೊಟ್ಟವರ ಕೆಲಸ ಹಾಗೇ ನಡೆಯುತ್ತದೆ. ನಮ್ಮಲ್ಲಿ ಉಳಿದಿರುವ ಒಂಬತ್ತು ತುಂಡುಗಳನ್ನು ಮತ್ತೆ ನೋಡಿದೆವು. ಕತ್ತಿನಲ್ಲಿ ಎಳೆ ಸರಿಯಿರುವುದು ನಾಲ್ಕು. ಅವನ್ನಷ್ಟೇ ಸ್ಟಾಕ್ ಮಾಡುತ್ತೇವೆ. ಉಳಿದ ಐದು ಚಾಕು ಹಿಡಿಗಳಿಗೆ ಹೋಗುತ್ತವೆ.

ನಮ್ಮಿಂದ ಹಿಂದೆ ಚಿತ್ತಾರದ ಸ್ಟಾಕ್ ಕೊಂಡವರು ದಯವಿಟ್ಟು ರೈಫಲ್ ಖಾಲಿ ಮಾಡಿ, ಬಾಲದ ಹಿಂದೆ ಒಂದು ಸಲ ಉಗುರು ಎಳೆದು ನೋಡಿ. ತಡೆದರೆ ಅದರಿಂದ ಇನ್ನೊಂದು ಗುಂಡು ಹಾರಿಸಬೇಡಿ. ಸ್ಟಾಕ್ ಬಿಚ್ಚಿ ನಮಗೆ ಕಳಿಸಿ. ನೋಡುವುದಕ್ಕೂ ಸರಿ ಮಾಡುವುದಕ್ಕೂ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಸ್ಟಾಕ್ ಕೆತ್ತುವವರು